ಮೋಟಾರಿಗೆ ಕಿವಿ ಎಲ್ಲಿದೆ?

ಕಳೆದ ಬೇಸಿಗೆಯಲ್ಲಿ ಚನ್ನರಾಯಪಟ್ಟಣದ ಸಮೀಪವಿರುವ ತಮ್ಮನ ತೋಟಕ್ಕೆ ಹೋಗಿದ್ದೆ. ಅವನು ಜಗಲಿಯಲ್ಲಿ ಕುಳಿತೇ ಮೊಬೈಲಿನಿಂದ ಕರೆ ಮಾಡಿ ಕೊಳವೆಬಾವಿಯ ಮೋಟಾರು ಚಾಲೂ ಮಾಡಿದ. ಆರು ವರ್ಷದ ಅವನ ಮೊಮ್ಮಗಳು, "ದೊಡ್ಡತಾತ, ನಾನು ಕೂಗಿದ್ರೆ ಮೋಟ್ರು ಯಾಕೆ ಏಳಲ್ಲ? ಅದಕ್ಕೆ ತಾತನ ದನಿ ಮಾತ್ರ ಗೊತ್ತಾ?" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆಕೆಯ ಊಹೆ ಅರ್ಧ ಸರಿಯಾಗಿಯೇ ಇತ್ತು. ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಸಿಮ್, ಮೊದಲೇ ನಮೂದಿಸಿದ ಸಂಖ್ಯೆಗಷ್ಟೇ ಓಗೊಡುತ್ತದೆ. ಗುರುತು ಸಂಖ್ಯೆಯದು, ದನಿಯದಲ್ಲ, ಅಷ್ಟೆ.

ತಾನಾಗಿ ಚಲಿಸುವುದಕ್ಕೆಲ್ಲ ಜೀವವಿದೆಯೆಂದು ಎಳೆಯರು ಭಾವಿಸುವುದನ್ನು ಪಿಯಾಜೆ 1920ರ ದಶಕದಲ್ಲಿಯೇ ಬರೆದಿದ್ದರು. ಕಂಪ್ಯೂಟರ್ ಆಟಿಕೆಗಳ ವಿಷಯದಲ್ಲಿ ಮಕ್ಕಳು ಚಲನೆಯನ್ನು ಬಿಟ್ಟು ಅದರ 'ಮನಸ್ಸಿ'ನ ಕುರಿತು ವಾದಿಸುತ್ತಾರೆಂದು ಶೆರಿ ಟರ್ಕಲ್ 1984ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಮಕ್ಕಳದು ದಡ್ಡತನವಲ್ಲ, ತರ್ಕ. ಅದನ್ನು ಕೆಡಿಸುವವರು ನಾವು.

ನಾನೂ ಕೆಡಿಸಿದ್ದೇನೆ. 2001ರಲ್ಲಿ ಆರಂಭವಾದ 'ಮಾಹಿತಿ ಸಿಂಧು' ಯೋಜನೆಯ ಕಂಪ್ಯೂಟರುಗಳು ಹೊಳೆನರಸೀಪುರದ ಕಡೆಯ ನಮ್ಮ ಶಾಲೆಗೂ ಬಂದವು. ಚಪ್ಪಲಿ ಹೊರಗೆ ಬಿಡಿಸಿ, "ಇದಕ್ಕೆ ಎಲ್ಲವೂ ಗೊತ್ತು" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಅದಕ್ಕೆ ಯಾರು ಹೇಳಿಕೊಟ್ಟರು ಸಾರ್?" ಎಂದ. ಸುಮ್ಮನೆ ಕೂರು ಎಂದು ಗದರಿದೆ. ಅಂದಿನ ಪಾಠದ ಒಳ್ಳೆಯ ಪ್ರಶ್ನೆ ಅದೊಂದೇ ಆಗಿತ್ತು. ಅವನು ಇದನ್ನು ಓದುತ್ತಿದ್ದರೆ ಕ್ಷಮಿಸಲಿ.

ಈಗ ವಿಷಯ ಇನ್ನೂ ಗಂಭೀರ. ಮನೆಯ ಅಲೆಕ್ಸಾವನ್ನು ಮಗು ಗೆಳತಿಯೆಂದು ತಿಳಿದು ಮಾತಾಡಿಸುತ್ತದೆ. ಆ ಮಾತು ಅಂತರಜಾಲದ ಮೂಲಕ ದೂರದ ಕಂಪನಿಯ ಕಂಪ್ಯೂಟರಿಗೆ ಹೋಗುವುದು ಅದಕ್ಕೆ ತಿಳಿಯದು. ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಕಾಯಿದೆ ಹೇಳುತ್ತದೆ. ಒಪ್ಪುವ ಪೋಷಕರಿಗಾದರೂ ತಿಳಿದಿದೆಯೇ? ಹಾಸನದ ನನ್ನ ಬಂಧುವೊಬ್ಬರು ಇಂಟರ್ನೆಟ್ಟೆಲ್ಲ ಎಂ.ಸಿ.ಎಫ್.ನ ದೊಡ್ಡ ಕೊಡೆಗಳಿಂದಲೇ ಬರುತ್ತದೆಂದು ಮಗನಿಗೆ ಹೇಳುತ್ತಿದ್ದರು! ಅಲ್ಲಿ ನಡೆಯುವುದು ಉಪಗ್ರಹಗಳ ನಿಯಂತ್ರಣ. ಇಂಟರ್ನೆಟ್ ಬಹುಪಾಲು ಹರಿಯುವುದು ನೆಲದಡಿಯ, ಕಡಲಡಿಯ ಕೇಬಲ್ಲುಗಳಲ್ಲಿ. ಗೊತ್ತಿಲ್ಲದ್ದನ್ನು ಮಗುವಿನೊಡನೆ ಕುಳಿತು ಹುಡುಕುವುದಕ್ಕೆ ನಾಚಿಕೆ ಏಕೆ?

ಮರುದಿನ ಮೇನ್ ಸ್ವಿಚ್ ಆರಿಸಿ ತಮ್ಮನಿಂದ ಪೆಟ್ಟಿಗೆ ತೆಗೆಸಿದೆ. ಸಿಮ್ ಕಂಡೊಡನೆ ಹುಡುಗಿ, "ಅಮ್ಮನ ಫೋನಲ್ಲೂ ಇದೇ ಇದೆ!" ಎಂದು ಕುಣಿದಳು. ಅಮ್ಮನ ನಂಬರನ್ನೂ ಮೋಟಾರಿಗೆ ಹೇಳಿಕೊಡಬೇಕೆಂದು ಹಠ ಹಿಡಿದಳು. ತಮ್ಮ ಇನ್ನೂ ಒಪ್ಪಿಲ್ಲ.