ಒಪ್ಪಿಗೆಯ ಕಾಗದ ಯಾವ ಭಾಷೆಯಲ್ಲಿರಬೇಕು?

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬಂದಿರಲಿಲ್ಲ. ಮೂರನೆಯ ದಿನ ವಿಚಾರಿಸಿದಾಗ, ಅಜ್ಜಿಗೆ ಆಪರೇಶನ್ ಇತ್ತು ಎಂದ. “ಆಸ್ಪತ್ರೆಯವರು ಕೊಟ್ಟ ಕಾಗದವನ್ನು ನಾನೇ ಓದಿ ಹೇಳಿದ್ದು ಸಾರ್. ನನಗೇ ಅರ್ಧ ಗೊತ್ತಾಗಲಿಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತಿದರು” ಎಂದು ನಕ್ಕ. ಹುಡುಗನಿಗೆ ಅದು ನಗುವ ಸಂಗತಿ. ನಮಗೆ ಹಾಗೆ ಕಾಣಲಿಲ್ಲ. ಕಾಗದ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇತ್ತಂತೆ. ಅಜ್ಜಿ ಬಲ್ಲದ್ದು ತುಳು ಮತ್ತು ಕನ್ನಡ.

ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಚಿಕಿತ್ಸೆ ಚೆನ್ನಾಗಿಯೇ ಆಗಿದೆ. ಅಜ್ಜಿ ಗುಣವಾಗಿ ಮನೆಗೆ ಮರಳಿದ್ದಾರೆ. ನಮ್ಮ ಪ್ರಶ್ನೆ ಬೇರೆ. ತನಗೆ ತಿಳಿಯದ ಭಾಷೆಯ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಕರೆಯಬಹುದೆ?

ಈ ಪ್ರಶ್ನೆ ಹೊಸದೇನೂ ಅಲ್ಲ. ಸಮುದ್ರದಾಚೆಯ ಒಂದು ದಂಡಿನ ಆಸ್ಪತ್ರೆಯಲ್ಲಿ 1900ನೇ ಇಸವಿಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿನವರು ಅದಕ್ಕೆ ಕೊಟ್ಟ ಉತ್ತರವನ್ನು ನಮ್ಮ ಓದುಗರು ತಿಳಿದಿರುವುದು ಒಳ್ಳೆಯದು.

1898ರಲ್ಲಿ ಸ್ಪೇನಿಗೂ ಅಮೆರಿಕಕ್ಕೂ ಯುದ್ಧವಾಯಿತು. ಗೆದ್ದ ಅಮೆರಿಕ ಕ್ಯೂಬಾ ದ್ವೀಪದಲ್ಲಿ ದಂಡನ್ನಿಟ್ಟು 1902ರ ಮೇ ತಿಂಗಳ ತನಕ ಆಡಳಿತ ನಡೆಸಿತು. ಆ ಯುದ್ಧದಲ್ಲಿ ಗುಂಡಿಗೆ ಬಲಿಯಾದ ಅಮೆರಿಕದ ಸಿಪಾಯಿಗಳಿಗಿಂತ ರೋಗಕ್ಕೆ ಬಲಿಯಾದವರೇ ಹೆಚ್ಚು. ಹವಾನಾ ನಗರದಲ್ಲಂತೂ ಹಳದಿ ಜ್ವರ ಬಹುಕಾಲದಿಂದ ಬೇರುಬಿಟ್ಟಿತ್ತು. ಕಣ್ಣು, ಮೈ ಹಳದಿಗಟ್ಟಿ, ಕಪ್ಪು ವಾಂತಿಯಾಗಿ ಜನ ಸಾಯುತ್ತಿದ್ದರು. ರೋಗಿಯ ಬಟ್ಟೆ ಹಾಸಿಗೆಗಳಿಂದ ಜ್ವರ ಹರಡುತ್ತದೆಂಬುದು ಆಗಿನ ನಂಬಿಕೆ. ಅಲ್ಲ, ಸೊಳ್ಳೆಯಿಂದ ಎಂದು ಹವಾನಾದ ವೈದ್ಯ ಕಾರ್ಲೊಸ್ ಫಿನ್ಲೆ 1881ರಲ್ಲೇ ಹೇಳಿದ್ದರು. ಆ ಮಾತನ್ನು ಕಿವಿಗೆ ಹಾಕಿಕೊಂಡವರು ಕಡಿಮೆ.

ಕಾರಣ ಹುಡುಕಲೆಂದು ಅಮೆರಿಕದ ಸೇನೆ 1900ರಲ್ಲಿ ನಾಲ್ವರು ವೈದ್ಯರ ಮಂಡಳಿಯೊಂದನ್ನು ನೇಮಿಸಿತು. ಮೇಜರ್ ವಾಲ್ಟರ್ ರೀಡ್ ಅದರ ಮುಖ್ಯಸ್ಥ. ಉಳಿದವರು ಜೇಮ್ಸ್ ಕ್ಯಾರೊಲ್, ಜೆಸ್ಸಿ ಲೇಜಿಯರ್ ಮತ್ತು ಅರಿಸ್ಟಿಡಿಸ್ ಅಗ್ರಮೊಂಟೆ. ಇವರಲ್ಲಿ ಅಗ್ರಮೊಂಟೆ ಕ್ಯೂಬಾದಲ್ಲೇ ಹುಟ್ಟಿದವರು, ಸ್ಪ್ಯಾನಿಷ್ ಬಲ್ಲವರು. ಹವಾನಾದ ಸಮೀಪದ ಕೊಲಂಬಿಯಾ ದಂಡಿನ ಪಾಳೆಯ ಮತ್ತು ಅದರ ಆಸ್ಪತ್ರೆ ಇವರ ಕಾರ್ಯಕ್ಷೇತ್ರವಾಯಿತು.

ಈ ಜ್ವರ ಯಾವ ಪ್ರಾಣಿಗೂ ಬರುವುದಿಲ್ಲವೆಂದೇ ಆಗ ತಿಳಿಯಲಾಗಿತ್ತು. ಆದುದರಿಂದ ಪರೀಕ್ಷೆಯನ್ನು ಮನುಷ್ಯರ ಮೇಲೆಯೇ ಮಾಡಬೇಕಾಯಿತು. ಆಗಸ್ಟ್ 27ರಂದು ಕ್ಯಾರೊಲ್ ತಮ್ಮ ತೋಳಿನ ಮೇಲೆ ಸೊಳ್ಳೆಯನ್ನು ಕೂರಿಸಿಕೊಂಡರು. ಸಾವಿನ ಬಾಗಿಲಿಗೆ ಹೋಗಿ ಮರಳಿದರು. ಆಗಸ್ಟ್ 31ರಂದು ಸಿಪಾಯಿಯೊಬ್ಬ ಕೈ ಚಾಚಿದ. ಅವನಿಗೂ ಜ್ವರ ಬಂತು, ಬದುಕಿದ. ಲೇಜಿಯರ್‌ಗೆ ಸೆಪ್ಟೆಂಬರ್ 13ರಂದು ಸೊಳ್ಳೆ ಕಚ್ಚಿತು. 25ರಂದು ಅವರು ತೀರಿಕೊಂಡರು. ವಯಸ್ಸು 34. ಊರಿನಲ್ಲಿ ಹೆಂಡತಿ, ಇಬ್ಬರು ಎಳೆಯ ಮಕ್ಕಳು.

ಅಕ್ಟೋಬರ್ ತಿಂಗಳಲ್ಲಿ ರೀಡ್ ತಮ್ಮ ಮೊದಲ ವರದಿಯನ್ನು ಪ್ರಕಟಿಸಿದರು. ಹನ್ನೊಂದು ಮಂದಿಗೆ ಸೊಳ್ಳೆ ಕಚ್ಚಿಸಲಾಗಿದೆ, ಇಬ್ಬರಿಗೆ ಜ್ವರ ಬಂದಿದೆ ಎಂದು ಅದರಲ್ಲಿ ಬರೆದರು. ಜ್ವರ ಬಾರದ ಒಂಬತ್ತು ಮಂದಿಯನ್ನು ಅವರು ಮುಚ್ಚಿಡಲಿಲ್ಲ. ಇದು ಒಳ್ಳೆಯ ಲಕ್ಷಣ. ಆದರೆ ಕೈ ಚಾಚಿದ ಆ ಸಿಪಾಯಿ ಅದೇ ವರದಿಯಲ್ಲಿ ಬರಿಯ “ಎಕ್ಸ್ ವೈ” ಆಗಿದ್ದಾನೆ, ಹೆಸರಿಲ್ಲ. ಗುಟ್ಟು ಕಾಯುವುದು ವೈದ್ಯಧರ್ಮ, ಒಪ್ಪೋಣ. ಆದರೆ ಅವನ ಒಪ್ಪಿಗೆಗೆ ಬಾಯಿಮಾತಲ್ಲದೆ ಬೇರೆ ಆಧಾರವಿರಲಿಲ್ಲ.

ರೀಡ್ ಇಲ್ಲಿಂದ ದಾರಿ ಬದಲಿಸಿದರು. ಅದಕ್ಕೆ ಹಿನ್ನೆಲೆಯೂ ಇತ್ತು. 1897ರಲ್ಲಿ ಜ್ಯುಸೆಪ್ಪೆ ಸನರೆಲ್ಲಿ ಎಂಬ ವಿಜ್ಞಾನಿ ಐವರು ರೋಗಿಗಳಿಗೆ, ಅವರನ್ನು ಕೇಳದೆಯೇ, ಹಳದಿ ಜ್ವರದ ಕ್ರಿಮಿಯೆಂದು ತಾನು ನಂಬಿದ್ದನ್ನು ಚುಚ್ಚಿದ್ದರು. ಅದು ಅಪರಾಧವೇ ಸರಿ ಎಂದು ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಮರುವರ್ಷ ಖಂಡಿಸಿದ್ದರು.

1900ರ ನವೆಂಬರ್ 20ರಂದು ಹೊಸ ಪ್ರಯೋಗ ಶಿಬಿರ ಆರಂಭವಾಯಿತು. ತೀರಿಕೊಂಡ ಗೆಳೆಯನ ನೆನಪಿಗೆ ಅದಕ್ಕೆ ಲೇಜಿಯರ್ ಶಿಬಿರವೆಂದು ಹೆಸರಿಟ್ಟರು. ಕೆಲವು ಡೇರೆಗಳು, ಎರಡು ಪುಟ್ಟ ಮರದ ಮನೆಗಳು. ಒಂದು ಮನೆಯಲ್ಲಿ ಒಬ್ಬ ವೈದ್ಯ, ಇಬ್ಬರು ಸಿಪಾಯಿಗಳು ರೋಗಿಗಳ ಕೊಳಕು ಹಾಸಿಗೆ ಬಟ್ಟೆಗಳ ನಡುವೆ ಇಪ್ಪತ್ತು ರಾತ್ರಿ ಮಲಗಿದರು. ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಮನೆಯ ನಡುವೆ ತಂತಿಬಲೆಯ ತಡಿಕೆ ಕಟ್ಟಿ ಒಂದೇ ಬದಿಗೆ ಸೊಳ್ಳೆ ಬಿಟ್ಟರು. ಸೊಳ್ಳೆಯ ಬದಿಯಲ್ಲಿ ಮಲಗಿದವನಿಗೆ ಕ್ರಿಸ್‌ಮಸ್ ದಿನವೇ ಜ್ವರ ಬಂತು. ತಡಿಕೆಯ ಈಚೆಗಿದ್ದವರು ಗಟ್ಟಿಮುಟ್ಟಾಗಿದ್ದರು. ಶಿಬಿರದಲ್ಲಿ ಪ್ರಯೋಗಕ್ಕೆ ಮೈಯೊಡ್ಡಿದವರಲ್ಲಿ ಒಬ್ಬರೂ ಸಾಯಲಿಲ್ಲ. 1901ರ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ, ಸೊಳ್ಳೆ ನಿರ್ಮೂಲನದ ಫಲವಾಗಿ ಹವಾನಾದಲ್ಲಿ ಹಳದಿ ಜ್ವರವೇ ನಿಂತಿತು.

ಮೈಯೊಡ್ಡಿದವರೆಲ್ಲ ಸಿಪಾಯಿಗಳಲ್ಲ. ಹೊಟ್ಟೆಪಾಡಿಗಾಗಿ ಸ್ಪೇನಿನಿಂದ ಆಗತಾನೆ ಹಡಗಿಳಿದ ಕೂಲಿಯವರೂ ಇದ್ದರು. ಅವರಿಗೆ ಇಂಗ್ಲಿಷ್ ಬಾರದು. ಆಳುವವರು ಇಂಗ್ಲಿಷಿನವರು, ವೈದ್ಯರು ಇಂಗ್ಲಿಷಿನವರು, ಆಸ್ಪತ್ರೆಯೂ ಇಂಗ್ಲಿಷಿನವರದು. ಆದರೂ ಅವರ ಮುಂದಿಟ್ಟ ಕರಾರು ಪತ್ರ ಸ್ಪ್ಯಾನಿಷಿನಲ್ಲಿತ್ತು, ಜತೆಗೆ ಇಂಗ್ಲಿಷ್ ಪ್ರತಿ. ತಾನು 25 ವರ್ಷ ಮೀರಿದವನು, ಸ್ವಂತ ಇಚ್ಛೆಯಿಂದ ಒಪ್ಪುತ್ತಿದ್ದೇನೆ, ಜ್ವರ ಬಂದರೆ ಜೀವಕ್ಕೆ ಅಪಾಯವುಂಟೆಂದು ಬಲ್ಲೆ ಎಂಬುದು ಅದರ ತಾತ್ಪರ್ಯ. ಸಂಭಾವನೆ ನೂರು ಡಾಲರ್ ಚಿನ್ನ. ಜ್ವರ ಬಂದರೆ ಇನ್ನೂ ನೂರು. ಸತ್ತರೆ ಅವನು ಹೇಳಿದವರಿಗೆ ಸಲ್ಲತಕ್ಕದ್ದು.

ಈ ಕಾಗದವನ್ನು ಹಾಡಿ ಹೊಗಳಲು ನಾವು ಹೊರಟಿಲ್ಲ. ಕೂಲಿಯವನ ಕಣ್ಣಿಗೆ ಇನ್ನೂರು ಡಾಲರ್ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ. ದ್ವೀಪದಲ್ಲಿರುವವನಿಗೆ ಹೇಗೂ ಜ್ವರ ತಪ್ಪದು ಎಂಬ ಮಾತನ್ನೂ ಕರಾರಿನಲ್ಲಿ ಸೇರಿಸಿದ್ದರು. ಅದು ಹೆದರಿಸಿ ಒಪ್ಪಿಸುವ ಮಾತು. 1929ರಲ್ಲಿ ಅಮೆರಿಕದ ಸಂಸತ್ತು ಈ ಪ್ರಯೋಗಗಳಲ್ಲಿ ಪಾಲ್ಗೊಂಡವರಿಗೆ ಪದಕ ಕೊಡುವ ಕಾನೂನು ಮಾಡಿದಾಗ ಆ ಗೌರವದ ಪಟ್ಟಿಯಲ್ಲಿ ಸ್ಪೇನಿನ ಕೂಲಿಯವರ ಹೆಸರುಗಳಿರಲಿಲ್ಲ.

ಇಷ್ಟು ಕುಂದುಗಳಿದ್ದರೂ ಆ ಕಾಗದದಲ್ಲಿ ಒಂದು ಮರ್ಯಾದೆಯಿದೆ. ಸಹಿ ಮಾಡುವವನು ಅದನ್ನು ತನ್ನ ಮಾತಿನಲ್ಲೇ ಓದಬಹುದಿತ್ತು, ಓದಲು ಬಾರದಿದ್ದರೆ ಓದಿಸಿ ಕೇಳಬಹುದಿತ್ತು, ಬೇಡವೆನ್ನಬಹುದಿತ್ತು. ವಲಸೆಗಾರರಿಗೆ ಅನ್ಯಾಯವಾಗುತ್ತಿದೆಯೆಂದು ಹವಾನಾದ ಪತ್ರಿಕೆ ಆರೋಪಿಸಿದಾಗ, ಮಂಡಳಿಯವರು ಈ ಕಾಗದಗಳನ್ನೇ ಹಿಡಿದುಕೊಂಡು ಸ್ಪೇನಿನ ಕಾನ್ಸಲ್ ಬಳಿಗೆ ಹೋದರೆಂದು ಅಗ್ರಮೊಂಟೆ ಮುಂದೆ ಬರೆದಿದ್ದಾರೆ. ಹೀಗೆ ರೋಗಿಯ ಭಾಷೆಯ ಕಾಗದ ವೈದ್ಯರಿಗೂ ರಕ್ಷೆಯಾಯಿತು. ಇದನ್ನು ನಮ್ಮ ಆಸ್ಪತ್ರೆಗಳವರು ಗಮನಿಸಬೇಕು.

ಪ್ರಯೋಗದ ಮಾತು ಬೇರೆ, ಚಿಕಿತ್ಸೆಯ ಮಾತು ಬೇರೆ ಎಂದು ಕೆಲವರು ಹೇಳಿಯಾರು. ನಿಜ. ಆದರೆ ಒಪ್ಪಿಗೆ ಎರಡಕ್ಕೂ ಬೇಕು. ಸಂಶೋಧನೆಯಲ್ಲಿ ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ವಿಧಿಸಿದೆ. ಒಂದು ತಪಾಸಣೆಗೆ ಕೊಟ್ಟ ಒಪ್ಪಿಗೆ ಬೇರೊಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗದು, ರೋಗಿಗೆ ತಿಳಿಸಿ ಹೇಳಿಯೇ ಒಪ್ಪಿಗೆ ಪಡೆಯಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿದೆ. ತಿಳಿಯದ ಭಾಷೆಯಲ್ಲಿ ತಿಳಿಸಿ ಹೇಳುವುದು ಹೇಗೆ?

ಸಂಶೋಧಕರು ನಮ್ಮ ಜಿಲ್ಲೆಗೂ ಬಾರದವರಲ್ಲ. ಎಂಡೋಸಲ್ಫಾನಿನ ಪರಿಣಾಮವನ್ನು ತಿಳಿಯಲು 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯವರು ಎಣ್ಮಕಜೆಯ ಪಡ್ರೆಗೆ ಬಂದು ಶಾಲಾಮಕ್ಕಳ ರಕ್ತ ಪರೀಕ್ಷಿಸಿದ್ದರು. ಅದರಿಂದ ನಮ್ಮವರ ಸಂಕಟ ಲೋಕಕ್ಕೆ ತಿಳಿಯಿತು. ನಾಳೆ ಬೇರೆ ಯಾವುದೋ ರೋಗಕ್ಕಾಗಿ ಇನ್ನು ಯಾರೋ ಬಂದಾರು. ಬರಲಿ, ಕನ್ನಡದ ಕಾಗದ ಹಿಡಿದು ಬರಲಿ.

ಮಲಯಾಳ ಕಲಿಯಿರಿ ಎನ್ನುವವರಿಗೆ ಒಂದು ಮಾತು. ಮಲಯಾಳದ ಮೇಲೆ ನಮಗೆ ಮುನಿಸಿಲ್ಲ. ನಮ್ಮ ಮಕ್ಕಳು ಕಲಿಯುತ್ತಿದ್ದಾರೆ. ಆದರೆ ಎಪ್ಪತ್ತು ದಾಟಿದ ಅಜ್ಜಿ ಸ್ಟ್ರೆಚರಿನ ಮೇಲೆ ಮಲಗಿ ಅಕ್ಷರಾಭ್ಯಾಸ ಮಾಡಲಾರರು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ, ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಹೇಳಿತ್ತು. ಅರ್ಜಿಗೆ ಸಲ್ಲಬೇಕಾದ ಮರ್ಯಾದೆ ಜೀವಕ್ಕೆ ಸಲ್ಲಬಾರದೆ?

ನಾವು ಕೇಳುವುದು ದೊಡ್ಡದಲ್ಲ. ಒಪ್ಪಿಗೆ ಪತ್ರದ ಕನ್ನಡ ಪ್ರತಿಗಳನ್ನು ಅಚ್ಚು ಹಾಕಿಸಿ ಜಿಲ್ಲೆಯ ಆಸ್ಪತ್ರೆಗಳಲ್ಲಿ ಇಡಬೇಕು. ಅದರ ಕನ್ನಡವೂ ತಿಳಿಯಾಗಿರಬೇಕು. “ಅರಿವಳಿಕೆ” ಎಂದು ಬರೆದು ಕೈತೊಳೆದುಕೊಂಡರೆ ಸಾಲದು, ಪ್ರಜ್ಞೆ ತಪ್ಪಿಸುವ ಮದ್ದು ಎಂದು ಬರೆಯಬೇಕು. ದೊಡ್ಡವರ ಜೀವದ ಮಾತನ್ನು ಭಾಷಾಂತರಿಸುವ ಹೊರೆಯನ್ನು ಶಾಲೆಯ ಮಕ್ಕಳ ತಲೆಗೆ ಹಾಕಬಾರದು. ಅನುವಾದಕ್ಕೆ ಜನವಿಲ್ಲವೆಂದಾದರೆ ನಮ್ಮ ಕನ್ನಡ ಶಾಲೆಗಳ ಅಧ್ಯಾಪಕರಿದ್ದೇವೆ. ರಜಾದಿನದಲ್ಲಿ ಕುಳಿತು, ಸಂಬಳ ಕೇಳದೆ ಮಾಡಿಕೊಟ್ಟೇವು.

ಡೇರೆಗಳ ನಡುವೆ, ಜ್ವರದ ಭಯದಲ್ಲಿ, ಪರದೇಶದ ದಂಡಿನ ವೈದ್ಯರು ಕೂಲಿಯವನ ಭಾಷೆಯಲ್ಲಿ ಒಂದು ಹಾಳೆ ಸಿದ್ಧಪಡಿಸಿದರು. ನಮ್ಮ ಆಸ್ಪತ್ರೆಗಳಿಗೆ ಅದು ಅಸಾಧ್ಯವಾಗಲಾರದು. ಸಂಬಂಧಪಟ್ಟವರು ಇತ್ತ ಗಮನ ಕೊಡುವರೆಂದು ನಂಬಿದ್ದೇವೆ. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಒಂದುಂಟು: ಹೆಬ್ಬೆಟ್ಟು ಒತ್ತುವ ಮೊದಲು, “ಇದರಲ್ಲಿ ಏನು ಬರೆದಿದೆ, ಕನ್ನಡದಲ್ಲಿ ಹೇಳಿ” ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.