ಹುಳ ಒಳ್ಳೆಯದೇ, ಸಾಲದ ಚೀಟಿ ಬೇಡ



ಹೊರಗೆ ಚಿನ್ನದ ಬಣ್ಣ, ಕೊಯ್ದರೆ ಒಳಗೆ ಬಿಳಿ ಹುಳ. ಮಾವು ಬೆಳೆಯುವ ನಿಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಹಣ್ಣಿನ ನೊಣ, ನಮ್ಮ ಬಾಯಲ್ಲಿ ಊಜಿ. ಹೋದ ಸುಗ್ಗಿಯಲ್ಲಿ ಮಂಡಿಯ ದಲ್ಲಾಳಿ ನನ್ನ ಲೋಡಿನಿಂದ ನಾಲ್ಕು ಕಾಯಿ ಕೊಯ್ದ. ಒಂದರಲ್ಲಿ ಹುಳ ಕಂಡದ್ದೇ ತಡ, ಇಡೀ ಲೋಡಿನ ಬೆಲೆ ಇಳಿಸಿದ. ಔಷಧಿ ಅಂಗಡಿಯವನು ಮಾತ್ರ ನನ್ನ ಬಾಕಿಯಲ್ಲಿ ಒಂದು ಪೈಸೆಯನ್ನೂ ಇಳಿಸಲಿಲ್ಲ.

2014ರ ಮೇ 1ರಿಂದ ಯುರೋಪ್ ಒಕ್ಕೂಟ ಇದೇ ನೊಣದ ಕಾರಣಕ್ಕೆ ಭಾರತದ ಮಾವನ್ನು ನಿಷೇಧಿಸಿತು. ಆಗ ದೆಹಲಿ ಎದ್ದು ಕುಳಿತಿತು. ರಫ್ತಿನ ತಪಾಸಣೆ ಬಿಗಿಯಾಯಿತು, 2015ರ ಜನವರಿಯಲ್ಲಿ ನಿಷೇಧವೂ ಹೋಯಿತು. ಲಂಡನ್ನಿನಲ್ಲಿ ಹುಳ ಕಂಡರೆ ದೇಶದ ಮರ್ಯಾದೆಯ ಪ್ರಶ್ನೆ, ಶ್ರೀನಿವಾಸಪುರದ ಮಂಡಿಯಲ್ಲಿ ಕಂಡರೆ ರೈತನ ಹಣೆಬರಹ! ಇದ್ಯಾವ ನ್ಯಾಯ?

ಈಗ ಹೊಸ ಮಾತು ಕೇಳಿಬರುತ್ತಿದೆ: ಜಂತುಹುಳು ಬಿಟ್ಟು ಊಜಿ ಕೊಲ್ಲಿ ಅಂತ. ಹೆದರಬೇಡಿ. ಟೊಮ್ಯಾಟೊ, ದಾಳಿಂಬೆಯ ಬೇರಿಗೆ ಗಂಟು ಕಟ್ಟಿಸುವ ಜಂತು ಬೇರೆ, ಇದು ಬೇರೆ. ಇದು ಬೇರನ್ನು ಮುಟ್ಟುವುದಿಲ್ಲ, ಕೀಟದ ಮೈಯೊಳಗೆ ಬೆಳೆಯುತ್ತದೆ.

ಕೆಲಸ ಹೀಗೆ. ನೊಣ ಕಾಯಿಯ ಸಿಪ್ಪೆಯಡಿ ಮೊಟ್ಟೆ ಇಡುತ್ತದೆ. ಮರಿಹುಳ ತಿರುಳು ತಿಂದು ಬಲಿತು, ನೆಲಕ್ಕೆ ಬಿದ್ದು, ಒಂದೆರಡು ಅಂಗುಲ ಮಣ್ಣಿನೊಳಗೆ ಕೋಶ ಕಟ್ಟುತ್ತದೆ. ಮೇಲೆ ಹೊಡೆದ ಔಷಧಿ ಅಲ್ಲಿಗೆ ತಲುಪದು. ಮೋಹಕ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಈ ಜಂತು ಮಣ್ಣಿನಲ್ಲೇ ಕಾದಿದ್ದು, ಮರಿಹುಳದ ಬಾಯಿ, ಉಸಿರುರಂಧ್ರಗಳಿಂದ ಒಳಹೊಕ್ಕು, ತಾನು ಹೊತ್ತುತಂದ ಬ್ಯಾಕ್ಟೀರಿಯಾ ಬಿಡುತ್ತದೆ. ಒಂದೆರಡು ದಿನದಲ್ಲಿ ಹುಳ ಸಾಯುತ್ತದೆ. ಹೆಣದಲ್ಲೇ ಜಂತಿನ ಸಂತಾನ ಬೆಳೆದು ಹೊಸ ಬೇಟೆಗೆ ಹೊರಡುತ್ತದೆ.

ಇದು ಪರದೇಶದ ಮಾಲೂ ಅಲ್ಲ. ಹೆಟೆರೋರಾಬ್ಡಿಟಿಸ್ ಇಂಡಿಕಾ ಎಂಬ ಜಂತನ್ನು 1992ರಲ್ಲಿ ಕೊಯಮತ್ತೂರಿನ ಮಣ್ಣಿನಿಂದಲೇ ಲೋಕಕ್ಕೆ ಪರಿಚಯಿಸಿದರು. ಗೊಣ್ಣೆಹುಳುವಿಗಾಗಿ ಇದರ ಪುಡಿಯನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಅದು ನಮ್ಮ ತೆರಿಗೆ ಹಣ. ತಯಾರಿಸಿ ಮಾರುವ ಹಕ್ಕು ಹೋದದ್ದು ಖಾಸಗಿ ಕಂಪನಿಗಳಿಗೆ!

ಇಲ್ಲೇ ನೀವು ಎಚ್ಚರವಾಗಿರಬೇಕು. ಜಂತು ಜೀವಂತ ಪ್ರಾಣಿ. ಬಿಸಿಲು ತಾಗಿದರೆ ಸಾಯುತ್ತದೆ, ಒಣ ಮಣ್ಣಿನಲ್ಲಿ ಸಾಯುತ್ತದೆ, ಮೇ ತಿಂಗಳ ತಗಡಿನ ಸೂರಿನಡಿ ಪ್ಯಾಕೆಟ್ಟಿನಲ್ಲೇ ಸಾಯುತ್ತದೆ. ಸತ್ತ ಪುಡಿ, ಬದುಕಿದ ಪುಡಿ ಎರಡೂ ಕಣ್ಣಿಗೆ ಒಂದೇ, ಎರಡಕ್ಕೂ ಬೆಲೆ ಒಂದೇ. ಮರಿಹುಳವನ್ನು ಚೆನ್ನಾಗಿ ಕೊಲ್ಲುವ ಜಂತು, ಗಟ್ಟಿಯಾದ ಕೋಶದ ಮೇಲೆ ಅಷ್ಟು ಸಾಗದು. ಹಾರುವ ನೊಣಕ್ಕಂತೂ ಏನೂ ಮಾಡದು. ಪ್ರಯೋಗಾಲಯದ ಡಬ್ಬಿಯಲ್ಲಿ ಕೊಂದದ್ದನ್ನು ತೋರಿಸಿ ನಮ್ಮ ಕೆಂಪು ಮಣ್ಣಿನ ಬಯಲಿನಲ್ಲಿ ಮಾರಲು ಬಂದರೆ ಕೇಳಿ: "ಸ್ವಾಮಿ, ಯಾವ ರೈತನ ತೋಟದಲ್ಲಿ ಗೆದ್ದೈತೆ? ತೋರಿಸಿ."

ಹಾಗಂತ ಹುಳವನ್ನು ಬೈದು ಕೂರುವುದು ಜಾಣತನವಲ್ಲ. ಕೇಳಬೇಕಾದ್ದನ್ನು ಕೇಳೋಣ. ಸರ್ಕಾರ ನಮ್ಮ ತೋಟಗಳಲ್ಲೇ ಪರೀಕ್ಷೆ ಮಾಡಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಜೇನುಗೂಡು ಕೆಡಿಸುವ ಮೇಣದ ಪತಂಗದ ಹುಳದ ಮೇಲೆ ಈ ಜಂತನ್ನು ಸಾಕಬಹುದು, ಒಂದೊಂದು ಹುಳದಿಂದ ಲಕ್ಷದ ಲೆಕ್ಕದಲ್ಲಿ ಹೊರಬರುತ್ತವೆ. ಕಲಿತ ಹುಡುಗರಿಗೆ ಇದು ಅಸಾಧ್ಯದ ಕೆಲಸವೇ? ತಾಲ್ಲೂಕಿಗೊಂದು ಸಾಕಣೆ ಕೇಂದ್ರ ಸಹಕಾರಿ ಸಂಘದಲ್ಲಿ ಆಗಲಿ. ತಾಜಾ ಮಾಲು, ತಯಾರಿ ಖರ್ಚಿನ ಬೆಲೆ. ಕೊಳ್ಳುವಾಗ ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ ಭೂತಗನ್ನಡಿಯಲ್ಲಿ ನೋಡಿ. ಮಿಸುಕಾಡದಿದ್ದರೆ ಹಿಂದಕ್ಕೆ ಕೊಡಿ.

ನಮ್ಮ ಪಾಲಿನ ಕೆಲಸವೂ ಇದೆ. ಉದುರಿದ ಕಾಯಿಯನ್ನು ಮರದಡಿ ಕೊಳೆಯಲು ಬಿಡುವವನೇ ಊಜಿಗೆ ಅನ್ನ ಹಾಕುವವನು. ದಿನವೂ ಆರಿಸಿ ಎರಡಡಿ ಗುಂಡಿಯಲ್ಲಿ ಹೂಳಿ. ಮಳೆ ಬಿದ್ದ ಸಂಜೆ, ನೆಲ ಹಸಿಯಿದ್ದಾಗ, ಮರದ ಬುಡದಗಲಕ್ಕೂ ಜಂತು ಬಿಡಿ. ನಾನೊಬ್ಬನೇ ಮಾಡಿದರೆ ಪಕ್ಕದ ತೋಟದ ನೊಣ ಹಾರಿ ಬರುತ್ತದೆ. ನೊಣಕ್ಕೆ ಬದು ಗೊತ್ತಿಲ್ಲ, ಪಾರ್ಟಿ ಗೊತ್ತಿಲ್ಲ, ಜಾತಿಯೂ ಗೊತ್ತಿಲ್ಲ. ಊರಿಗೆ ಊರೇ ಒಂದಾಗಬೇಕು.

ಒಂದಾಗದಿದ್ದರೆ ಏನಾಗುತ್ತದೆ? ಕೀಟನಾಶಕದ ಬಾಟಲಿ ಇದ್ದ ಜಾಗಕ್ಕೆ ಜಂತಿನ ಪ್ಯಾಕೆಟ್ಟು ಬರುತ್ತದೆ. ಸಾಲದ ಚೀಟಿ ಮಾತ್ರ ಹಳೆಯದೇ ಇರುತ್ತದೆ.