ಸೂಜಿ ಹಿಡಿಯದ ಕೈಗೆ ವಿನ್ಯಾಸದ ಪಾಠವೆ?

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ತನ್ನ ಮಗನ ಶಾಲೆಯಲ್ಲಿ ‘ಡಿಸೈನ್’ ಎಂಬ ಹೊಸ ವಿಷಯ ಆರಂಭವಾಗಿರುವುದನ್ನು ಸಂಭ್ರಮದಿಂದ ತಿಳಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಸಿದ್ಧ ಆಕೃತಿಗಳನ್ನು ಎಳೆದು ಕೂರಿಸುವುದೇ ಆ ಪಾಠವಂತೆ. ಅದೇ ಶಾಲೆಯ ಕರಕುಶಲದ ಅವಧಿಯನ್ನು ಗಣಿತದ ಪುನರಾವರ್ತನೆ ನುಂಗಿದೆ. ಇದನ್ನು ಪ್ರಗತಿಯೆಂದು ನಾನು ಒಪ್ಪಲಾರೆ.

ನಮ್ಮ ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿರಿ. ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ನೆಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಹೊಲಿಗೆಗಳು ನಾಲ್ಕೇ. ಗವಂತಿಯಲ್ಲಿ ದಾರವು ಹೋಗುವಾಗ ಒಂದು ಬಿಟ್ಟು ಒಂದು ಜಾಗವನ್ನು ತುಂಬುತ್ತದೆ, ಬಿಟ್ಟದ್ದನ್ನು ಮರಳುವಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ ಮೂಡಬೇಕು. ಅಂದರೆ ಮೊದಲ ಹೊಲಿಗೆಯ ವೇಳೆಗೇ ಮರಳುವ ದಾರಿ ತಲೆಯಲ್ಲಿರಬೇಕು. ಒಂದಕ್ಕೊಂದು ಕೂಡಿದ ಗೆರೆಗಳ ಯಾವ ಚಿತ್ರವನ್ನಾದರೂ, ಪ್ರತಿ ಗೆರೆಯ ಮೇಲೂ ಎರಡು ಸಲ ನಡೆದು, ಹೊರಟಲ್ಲಿಗೇ ಬಂದು ಸೇರಬಹುದೆಂಬುದು ಗಣಿತವೇ. 1736ರಲ್ಲಿ ಆಯ್ಲರನು ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದ ಶಾಸ್ತ್ರಕ್ಕೆ ಸೇರಿದ ಮಾತಿದು. ಗಣಿತಕ್ಕಾಗಿ ಕರಕುಶಲವನ್ನು ಬಲಿಗೊಟ್ಟವರು ಇದನ್ನು ಸ್ವಲ್ಪ ಯೋಚಿಸಲಿ!

ಇನ್ನು ರೂಪದ ಮಾತು. ಗವಂತಿಯ ಗೆರೆ ಅಡ್ಡ, ನೆಟ್ಟ, ಓರೆಯಾಗಿ ಮಾತ್ರ ಸಾಗುತ್ತದೆ, ದುಂಡಗೆ ಬಾಗದು. ಹೀಗಿರುವಾಗ ತೇರಿನ ಗಾಲಿಯನ್ನು ಏನು ಮಾಡುವುದು? ಆನೆಯ ಸೊಂಡಿಲನ್ನು? ಯಾವುದನ್ನು ಉಳಿಸಿದರೆ ಆನೆ ಆನೆಯಾಗಿಯೇ ಕಾಣುತ್ತದೆ, ಯಾವುದನ್ನು ಬಿಡಬಹುದು ಎಂಬ ತೀರ್ಮಾನವನ್ನು ಮಗುವೇ ಮಾಡಬೇಕು. ಎರಡು ಎಳೆ ತಪ್ಪಿದರೆ ಗೋಪುರ ವಾಲುತ್ತದೆ; ಬಿಚ್ಚಿ ಮತ್ತೆ ಹಾಕಬೇಕು. ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ತಪ್ಪು ಅಳಿಸಿಹೋಗುತ್ತದೆ, ಅದರೊಡನೆ ತಪ್ಪಿನ ನೆನಪೂ ಅಳಿಯುತ್ತದೆ.

ಕಂಪ್ಯೂಟರಿನಿಂದ ಕೆಲಸ ಬೇಗ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಸೀರೆ ಮಾರುವವರಿಗೆ ಅದು ಬೇಕು. ಹತ್ತು ವರ್ಷದ ಹುಡುಗನಿಗೆ ಏತಕ್ಕೆ ಅವಸರ? (ಹುಡುಗನಿಗೆ ಎಂದು ಬೇಕೆಂದೇ ಬರೆದೆ. ಸೂಜಿ ಹೆಣ್ಣುಮಕ್ಕಳ ಸೊತ್ತೆಂದು ಯಾವ ಶಾಸ್ತ್ರವೂ ಹೇಳಿಲ್ಲ.)

ಕೈಯಿಂದ ಕಲಿಯುವುದು ಹಳೆಯ ಕಾಲದ ಹಂಬಲವೆಂದು ನಗುವವರಿಗೆ ಒಂದು ಮಾತು. 1919ರಿಂದ 1933ರವರೆಗೆ ಜರ್ಮನಿಯಲ್ಲಿ ನಡೆದ ಬೌಹೌಸ್ ಶಾಲೆ ಆಧುನಿಕ ವಿನ್ಯಾಸವನ್ನು ಕಲಿಸಿದ್ದು ಮಗ್ಗ, ಮರ, ಲೋಹಗಳ ಕಾರ್ಯಾಗಾರಗಳಲ್ಲಿ. 1958ರಲ್ಲಿ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಉತ್ತಮ ವಿನ್ಯಾಸಕ್ಕೆ ಉದಾಹರಣೆಯಾಗಿ ಮೆಚ್ಚಿದ್ದು ನಮ್ಮ ಮನೆಯ ಚೊಂಬನ್ನು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದ್ದಂತೂ ಇದನ್ನೇ. 2020ರ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರರಂಥವರ ಬಳಿ ಕಲಿಯಲೆಂದು ಹೇಳುತ್ತದೆ. ಹತ್ತು ದಿನದಲ್ಲಿ ಗವಂತಿಯ ಒಂದು ಸಾಲೂ ನೆಟ್ಟಗೆ ಬರದು. ಆದರೂ ಆ ಹತ್ತು ದಿನವಾದರೂ ಸಿಕ್ಕಲಿ.

ನಿಮ್ಮಲ್ಲಿ ಕೆಲವರು ಇಂದು ಶಾಲೆಗಳ ಆಡಳಿತ ಮಂಡಳಿಗಳಲ್ಲಿದ್ದೀರಿ. ಮುಂದಿನ ಸಭೆಯಲ್ಲಿ ವೇಳಾಪಟ್ಟಿಯನ್ನು ತರಿಸಿ ನೋಡಿರಿ. ಕರಕುಶಲದ ಅವಧಿಯನ್ನು ಯಾರ ಅಪ್ಪಣೆಯಿಂದ ತೆಗೆದರೆಂದು ಹೆಸರು ಹಿಡಿದು ಕೇಳಿರಿ.